ಹಪ್ಪಳದ ಲೆಕ್ಕದಲ್ಲಿ ಕೂಲಿ ಎಲ್ಲಿದೆ?

ಮಾನ್ಯರೇ,

ಮಂಡ್ಯ ಜಿಲ್ಲೆಯ ಮಹಿಳಾ ಉದ್ಯಮಿಗಳ ಸವಾಲು ಮತ್ತು ಪ್ರೇರಣೆಗಳನ್ನು ಕುರಿತ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು.

ಮೊದಲ ಪುಟಗಳ ತುಂಬ ‘ಅಬಲೆಯಲ್ಲ, ಸಬಲೆ’ ಎಂಬ ಬಗೆಯ ಮಾತುಗಳಿವೆ. ಮಹಿಳಾ ದಿನಾಚರಣೆಯ ವೇದಿಕೆಗೆ ಅವು ಒಪ್ಪಬಹುದು. ಓದುಗರಿಗೆ ಅವುಗಳಿಂದ ಏನೂ ತಿಳಿಯುವುದಿಲ್ಲ. ಲೇಖನಕ್ಕೆ ಜೀವ ಬರುವುದು ಮದ್ದೂರು ತಾಲ್ಲೂಕಿನ ಹಪ್ಪಳ ಮಾಡುವ ಹೆಣ್ಣುಮಗಳು ಬಂದ ಮೇಲೆ. ಮಗಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಆಕೆ ಉದ್ದು, ಎಣ್ಣೆ, ಆಟೊ ಬಾಡಿಗೆ, ಸ್ವಸಹಾಯ ಸಂಘದ ಸಾಲದ ಕಂತು ಎಲ್ಲವನ್ನೂ ಬರೆದಿಟ್ಟು, ತಮ್ಮ ಕೂಲಿಯೊಂದನ್ನು ಮಾತ್ರ ಬರೆದಿಲ್ಲವೆಂಬುದನ್ನು ಗಮನಿಸಿಯೂ ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಕೂಲಿ ಸೇರದ ಬೆಲೆಗೆ ಮಾರಿದ ಹಪ್ಪಳದಲ್ಲಿ ಲಾಭವೆಂದು ಕಾಣುವುದು ಆಕೆಯ ದುಡಿಮೆಯೇ ಅಲ್ಲವೇ? ಅಂಗಡಿಯವರು ಮಾಲು ಮಾರಾಟವಾದ ಮೇಲೆ ಹಣ ಕೊಡುತ್ತಾರೆ, ಸಂಘದ ಕಂತು ವಾರವಾರವೂ ಬರುತ್ತದೆ. ಈ ನಡುವಿನ ಅಂತರವನ್ನು ತುಂಬಲು ಆಕೆ ಒಡವೆ ಅಡವಿಟ್ಟಿದ್ದಾರೆ. ನೀವು ಹುಡುಕುತ್ತಿರುವ ಸವಾಲು ಇದೇ. ಲೇಖನ ಇಲ್ಲಿಂದಲೇ ಆರಂಭವಾಗಲಿ.

‘ಆಸ್ತಿಪತ್ರವಿಲ್ಲದ ಮಹಿಳೆಗೆ ಬ್ಯಾಂಕ್ ಸಾಲ ಸಿಗದು’ ಎಂಬ ವಾಕ್ಯ ಹಾಗೆಯೇ ನಿಲ್ಲದು. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸಲು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ‘ಶಿಶು’ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ಹಾಗಿದ್ದೂ ಆಕೆ ಒಡವೆಯನ್ನೇ ಏಕೆ ಇಟ್ಟರು? ಬ್ಯಾಂಕಿನವರು ಹಿಂದೆ ಕಳುಹಿಸಿದರೇ, ಅಥವಾ ಆಕೆ ಕೇಳಲೇ ಇಲ್ಲವೇ? ಆಕೆಯನ್ನೂ ಶಾಖೆಯವರನ್ನೂ ವಿಚಾರಿಸಿ ಬರೆಯಿರಿ. ಆಸ್ತಿಯ ಮಾತೆತ್ತಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರವು 2005ರಲ್ಲಿ ತಂದ ತಿದ್ದುಪಡಿಗೂ ಮೊದಲೇ, 1994ರಲ್ಲಿ, ಕರ್ನಾಟಕವು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ನೀಡಿತು, ಆದರೆ ತವರಿನ ಬಾಂಧವ್ಯ ಕೆಡಬಾರದೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡುವವರು ನಮ್ಮಲ್ಲಿ ಇಂದಿಗೂ ಇದ್ದಾರೆ.

ಪ್ರೇರಣೆಯ ಭಾಗದಲ್ಲಿ ‘ಸ್ವಾವಲಂಬನೆಯ ಕನಸು’ ಎಂದಿದ್ದೀರಿ. ಆಕೆ ನಿಮಗೆ ಹೇಳಿದ್ದಾದರೂ ಕಾರ್ಖಾನೆಯಿಂದ ಕಬ್ಬಿನ ದುಡ್ಡು ಬರುವುದು ತಡವಾಯಿತು, ಮಗಳ ಫೀಸು ಕಟ್ಟಬೇಕಿತ್ತು ಎಂದು. ಆಕೆಯ ಮಾತನ್ನೇ ಉಳಿಸಿ. ಮುಂದೆ ನೆರೆಯ ಇಬ್ಬರಿಗೆ ಕೆಲಸ ಕೊಟ್ಟಾಗ ಉದ್ದೇಶ ಬದಲಾಗಿದ್ದರೆ, ಅದನ್ನು ಆಗ ಹೇಳಿ.

ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಸ್ಥಾಪನೆಯಾದ ವರ್ಷ ಇಲ್ಲಿ ಅನಗತ್ಯ. ಆಕೆ ಅಲ್ಲಿಗೆ ತರಬೇತಿಗೆ ಹೋದ ದಿನ ಹಸುವಿಗೆ ಮೇವು ಹಾಕುವವರು ಯಾರು, ಅತ್ತೆಯನ್ನು ನೋಡಿಕೊಳ್ಳುವವರು ಯಾರು ಎಂಬುದು ಬೇಕು.

ಒಡವೆಯ ವಿಷಯ ಅಚ್ಚಾಗಲು ಆಕೆಯ ಒಪ್ಪಿಗೆ ಕೇಳಿರಿ. ಒಪ್ಪದಿದ್ದರೆ ಹೆಸರು, ಊರು ಎರಡನ್ನೂ ಬಿಟ್ಟು ಪ್ರಕಟಿಸೋಣ.

ಇಂತಿ,
ಸಂಪಾದಕ