ದಾವಣಗೆರೆ ಬೇಸಿಗೆಗೆ ಕೂಲರ್ ಸಾಕಾ, ಎಸಿನೇ ಬೇಕಾ?

ಮಂಗಳೂರಿನಿಂದ ದಾವಣಗೆರೆಗೆ ವರ್ಗವಾಗಿ ಬಂದಿದ್ದೀರಿ, ಬಾಡಿಗೆ ಮನೆ ಮೇಲಿನ ಮಹಡಿಯಲ್ಲಿದೆ, ಮಂಗಳೂರಿನಲ್ಲಿ ಕೂಲರ್ ದಂಡವಾಯಿತು, ಇಲ್ಲಾದರೂ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತದೆ. ಆದರೆ ಅಶ್ವಿನಿ, ಭರಣಿ ಮಳೆ ಬೀಳುವ ತನಕ.

ನಮ್ಮ ಕಡೆ ಬೇಸಿಗೆ ಎರಡು ಥರ. ಮಾರ್ಚ್, ಏಪ್ರಿಲ್‌ನಲ್ಲಿ ಒಣ ಧಗೆ. ಆಗ ಕೂಲರ್‌ಗೆ ಸಾಟಿ ಇಲ್ಲ. ಪ್ಯಾಡಿನ ನೀರು ಆವಿಯಾಗುತ್ತಾ ಗಾಳಿಯ ಬಿಸಿ ಎಳೆದುಕೊಳ್ಳುತ್ತದೆ, ಅದರ ಕೆಲಸ ಅಷ್ಟೇ. ಒಂದೆರಡು ಮಳೆ ಬಿದ್ದವು ಅನ್ನಿ, ಗಾಳಿಯಲ್ಲೇ ತೇವ ತುಂಬಿಕೊಳ್ಳುತ್ತದೆ, ಪ್ಯಾಡಿನ ನೀರು ಆರುವುದಿಲ್ಲ. ಕೂಲರ್ ಹಾಕಿದಷ್ಟೂ ಮೈ ಜಿಗುಟು. ನಿಮ್ಮ ಮಂಗಳೂರಿನಲ್ಲಿ ಆಗಿದ್ದೂ ಇದೇ.

ಇವತ್ತು ಕೂಲರ್ ಹಾಕಬೇಕಾ ಬೇಡ್ವಾ ಅಂತ ತಿಳಿಯೋಕೆ ಯಾವ ಮೀಟರೂ ಬೇಡ. ಒಂದು ಹಿಡಿ ಮಂಡಕ್ಕಿ ತಟ್ಟೆಯಲ್ಲಿ ಹಾಕಿ ಗಾಳಿಗಿಡಿ. ಸ್ವಲ್ಪ ಹೊತ್ತು ಬಿಟ್ಟು ಬಾಯಿಗೆ ಹಾಕಿಕೊಂಡಾಗ ಗರಿಗರಿ ಇದ್ದರೆ ಕೂಲರ್ ಹಾಕಿ. ಮೆತ್ತಗಾಗಿದ್ದರೆ ನೀರಿನ ಪಂಪ್ ಆಫ್ ಮಾಡಿ, ಬರೀ ಗಾಳಿ ಬಿಡಿ. (ಮಂಡಕ್ಕಿ ಊರಿಗೆ ಬಂದಿದ್ದೀರಿ, ಇದಕ್ಕೇನೂ ಕೊರತೆಯಿಲ್ಲ.)

ಕೂಲರನ್ನು ಕಿಟಕಿ ಹತ್ತಿರ ಇಟ್ಟು, ಎದುರಿನ ಬಾಗಿಲು ಸ್ವಲ್ಪ ತೆಗೆದಿಡಿ. ಎಷ್ಟೋ ಜನ ಎಸಿ ಥರ ಎಲ್ಲಾ ಮುಚ್ಚಿಕೊಂಡು ಕೂರುತ್ತಾರೆ, ಆಮೇಲೆ ಕೂಲರ್‌ಗೆ ಬೈಯುತ್ತಾರೆ. ಬೋರ್ ನೀರು ಹಾಕಿದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಆಗಾಗ ತೊಳೆಯಬೇಕು. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಉಜ್ಜಿ. ಡೆಂಗಿ ಸೊಳ್ಳೆಗೆ ಅಂಥ ನಿಂತ ನೀರೇ ಬೇಕು.

ಇನ್ನು ಎಸಿ. ಮಳೆ ಬಿದ್ದ ಮೇಲಿನ ಜಿಗುಟಿಗೆ ಅದೇ ಮದ್ದು, ಯಾಕಂದ್ರೆ ಅದು ಗಾಳಿಯ ತೇವವನ್ನೂ ಹೀರಿ ಪೈಪಿನಿಂದ ಹೊರಗೆ ಹಾಕುತ್ತದೆ. ತೊಂದರೆ ಇರುವುದು ಬಿಲ್ಲಿನಲ್ಲಿ. ಒಂದೂವರೆ ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು 8 ಯೂನಿಟ್ ಅಂದುಕೊಳ್ಳಿ. ಕೂಲರ್‌ಗೆ ಎರಡು ಯೂನಿಟ್ಟೂ ಆಗಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ. ದಿನಾ ಎಸಿ ಹಾಕಿದರೆ ಅದೊಂದೇ ಅಷ್ಟನ್ನು ದಾಟಿಸಿಬಿಡುತ್ತದೆ. 26ಕ್ಕೆ ಇಟ್ಟು ಮೇಲೆ ಫ್ಯಾನ್ ಹಾಕಿಕೊಳ್ಳಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಹೆಚ್ಚುಕಮ್ಮಿ ನೂರಕ್ಕೆ 6ರಷ್ಟು ಕರೆಂಟ್ ಉಳಿಯುತ್ತದೆ. ಫ್ಯಾನನ್ನೂ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿಗೆ ಬದಲಿಸಿದರೆ 75 ವ್ಯಾಟ್ ಜಾಗದಲ್ಲಿ 30 ವ್ಯಾಟ್‌ಗೆ ಮುಗಿಯುತ್ತದೆ.

ಆದರೆ ನನ್ನನ್ನು ಕೇಳಿದರೆ ಇವೆರಡಕ್ಕೂ ಮೊದಲು ತಾರಸಿ ನೋಡಿ. ನಮ್ಮದೂ ಮೇಲಿನ ಮಹಡಿಯೇ. ಹಗಲೆಲ್ಲಾ ಕಾದ ಆರ್‌ಸಿಸಿ ರಾತ್ರಿ ಹತ್ತರ ಮೇಲೂ ಝಳ ಬಿಡುತ್ತಿರುತ್ತದೆ, ಫ್ಯಾನ್ ಅದೇ ಬಿಸಿಯನ್ನು ತಂದು ಮುಖಕ್ಕೆ ಹೊಡೆಯುತ್ತದೆ. ನಾವು ಫೆಬ್ರವರಿಯಲ್ಲಿ ತಾರಸಿಗೆ ಎರಡು ಕೈ ಸುಣ್ಣ ಬಳಿದು, ಮಲಗುವ ಕೋಣೆಯ ಮೇಲೆ ತೆಂಗಿನ ಗರಿ ಹಾಸುತ್ತೇವೆ. ಅಂಗಳಕ್ಕೆ ಚಪ್ಪರ ಹಾಕುವವರೇ ಬಂದು ಹಾಕಿಕೊಡುತ್ತಾರೆ. ಗರಿ ತಾರಸಿಗೆ ಅಂಟಿಕೊಂಡಿರಬಾರದು, ಕೆಳಗೆ ಗಾಳಿಯಾಡುವಷ್ಟು ಎತ್ತರ ಇರಲಿ. ರಾತ್ರಿ ಗೋಡೆ ಮುಟ್ಟಿ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಹಾಗಾಗಿ ಈ ವರ್ಷ ಸುಣ್ಣ ಮತ್ತು ಒಂದು ಕೂಲರ್. ಮೇ ತಿಂಗಳು ಹೇಗಿರುತ್ತದೆ ಅಂತ ನೋಡಿಕೊಂಡು ಎಸಿ ಯೋಚನೆ ಮಾಡಿ. ತರೋದೇ ಆದರೆ ಅದಕ್ಕೆ ಬೋರ್ಡಿನಿಂದ ಬೇರೆ ಲೈನ್ ಬೇಕು, ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ಖರ್ಚು ಯಾರದು ಅಂತ ಓನರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.