ಮಿಲ್ಕ್‌ಶೇಕ್ ನೀರುನೀರಾಗುವುದೇಕೆ?

ಪ್ರಶ್ನೆ: ಮನೆಯಲ್ಲಿ ಬಾಳೆಹಣ್ಣು, ಮಾವಿನಹಣ್ಣಿನ ಮಿಲ್ಕ್‌ಶೇಕ್ ಮಾಡುತ್ತಿರುತ್ತೇನೆ. ಸುರಿಯುವಾಗ ಚೆನ್ನಾಗಿರುತ್ತದೆ, ಲೋಟ ಅರ್ಧ ಖಾಲಿಯಾಗುವಷ್ಟರಲ್ಲಿ ನೀರುನೀರು. ಐಸ್ ಹಾಕಿದರೆ ಸಪ್ಪೆ, ಹಾಕದಿದ್ದರೆ ತಂಪೇ ಇಲ್ಲ. ಐಸ್‌ಕ್ರೀಂ ಇಲ್ಲದೆ ಗಟ್ಟಿಯಾಗಿ ಮಾಡುವುದು ಹೇಗೆ?

ಉತ್ತರ: ಐಸ್ ಬಿಟ್ಟುಬಿಡಿ, ಹಣ್ಣನ್ನೇ ಫ್ರೀಜರ್‌ಗೆ ಹಾಕಿ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಹಾಲಿನಲ್ಲಿ ಶೇ 87ರಷ್ಟು ಇರುವುದು ನೀರೇ. ಅದರ ಮೇಲೆ ಐಸ್ ಕರಗಿದರೆ ರುಚಿ ಎಲ್ಲಿ ಉಳಿಯಬೇಕು? ಹೆಪ್ಪುಗಟ್ಟಿದ ಹಣ್ಣು ಕರಗಿದಾಗ ಸಿಗುವುದು ಹಣ್ಣಿನ ತಿರುಳೇ. ತಂಪೂ ಸಿಕ್ಕಿತು, ದಪ್ಪವೂ ಬಂತು.

ಚೆನ್ನಾಗಿ ಕಳಿತ ಹಣ್ಣನ್ನೇ ಆರಿಸಿ. ಬಾಳೆಹಣ್ಣಾದರೆ ಸಿಪ್ಪೆಯ ಮೇಲೆ ಕಂದು ಚುಕ್ಕೆ ಮೂಡಿರಬೇಕು. ಅಷ್ಟು ಹೊತ್ತಿಗೆ ಒಳಗಿನ ಪಿಷ್ಟ ಬಹುಪಾಲು ಸಕ್ಕರೆಯಾಗಿರುತ್ತದೆ, ಒಗರೂ ಇರುವುದಿಲ್ಲ. ಸಿಪ್ಪೆ ಸುಲಿದು, ಬಿಲ್ಲೆಗಳಾಗಿ ಹೆಚ್ಚಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಒಟ್ಟಿಗೆ ರಾಶಿ ಹಾಕಿದರೆ ಗಡ್ಡೆ ಕಟ್ಟಿ ಮಿಕ್ಸಿಗೆ ಬಗ್ಗುವುದಿಲ್ಲ.

ಒಂದು ಲೋಟಕ್ಕೆ 150 ಗ್ರಾಂ ಹಣ್ಣು, 150 ಮಿಲಿ ಹಾಲು ಸಾಕು. ಹೆಚ್ಚಿನವರು ಎಡವುವುದು ಹಾಲಿನಲ್ಲಿ. ಒಮ್ಮೆಲೇ ಅಷ್ಟನ್ನೂ ಸುರಿದರೆ ಹಣ್ಣಿನ ಚೂರುಗಳು ಅದರಲ್ಲಿ ತೇಲಿ ಬ್ಲೇಡಿಗೆ ಸರಿಯಾಗಿ ಸಿಗುವುದಿಲ್ಲ. ಮೊದಲು ಹಣ್ಣು, ಸಕ್ಕರೆ, ನಾಲ್ಕು ಚಮಚ ಹಾಲು ಮಾತ್ರ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಆರಂಭದಲ್ಲಿ ಕಟಕಟ ಸದ್ದು ಬಂದು ಹಣ್ಣು ತರಿತರಿಯಾಗಿ ಜಾರ್‌ನ ಗೋಡೆಗೆ ಅಂಟುತ್ತದೆ. ಮಿಕ್ಸಿ ನಿಲ್ಲಿಸಿ, ಚಮಚದಿಂದ ಕೆಳಗೆ ತಳ್ಳಿ ಮತ್ತೆ ತಿರುಗಿಸಿ. ಸ್ವಲ್ಪ ಹೊತ್ತಿಗೆ ಸದ್ದು ಮೆತ್ತಗಾಗಿ, ತರಿಯೆಲ್ಲ ಹೋಗಿ ನುಣ್ಣನೆಯ ಕೆನೆಯಂತಾಗುತ್ತದೆ. ಉಳಿದ ಹಾಲು ಹಾಕುವ ಹೊತ್ತು ಅದೇ. ಆಮೇಲೆ ಅರ್ಧ ನಿಮಿಷ ತಿರುಗಿಸಿದರೆ ನೊರೆ ತಾನಾಗಿ ಬರುತ್ತದೆ. ಅದಕ್ಕೂ ಹೆಚ್ಚು ಬೇಡ: ಬ್ಲೇಡಿನ ಓಟಕ್ಕೆ ಹಾಲು ಬಿಸಿಯೇರಿ ಶೇಕ್ ತೆಳುವಾಗುತ್ತದೆ, ಕೆನೆ ಹೆಚ್ಚಿದ್ದರೆ ಬೆಣ್ಣೆಯ ಕಣಗಳೂ ತೇಲಬಹುದು.

ಹಾಲು ಕಾಯಿಸಿ ಆರಿಸಿದ್ದಾದರೆ ಮೇಲಿನ ಕೆನೆ ತೆಗೆದು, ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾಗಿಸಿಕೊಳ್ಳಿ. ಸಿಹಿಯನ್ನು ಕೊನೆಗೆ ರುಚಿ ನೋಡಿಯೇ ಹೊಂದಿಸಬೇಕು, ಏಕೆಂದರೆ ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಕಡಿಮೆ ಅನಿಸುತ್ತದೆ. ಚಿಟಿಕೆ ಉಪ್ಪು ಹಾಕಿ ನೋಡಿ, ಹಣ್ಣಿನ ರುಚಿ ಎದ್ದು ಬರುತ್ತದೆ. ಎಸೆನ್ಸ್ ಮಾತ್ರ ದಯವಿಟ್ಟು ಬೇಡ. ಒಳ್ಳೆಯ ಹಣ್ಣಿಗೆ ಅದರ ಹಂಗಿಲ್ಲ.

ಪ್ರಶ್ನೆ: ಪಪ್ಪಾಯ ಮಿಲ್ಕ್‌ಶೇಕ್ ಅರ್ಧ ಗಂಟೆಯಲ್ಲೇ ಕಹಿಯಾಯಿತು. ಸ್ಟ್ರಾಬೆರಿ ಹಾಕಿದರೆ ಹಾಲು ಒಡೆಯುತ್ತದೆ. ಹಾಲು ಕೆಟ್ಟಿತ್ತೇ?

ಉತ್ತರ: ಹಾಲಿನದ್ದೇನೂ ತಪ್ಪಿಲ್ಲ. ಎರಡೂ ಹಣ್ಣಿನ ಗುಣ, ಆದರೆ ಕಾರಣ ಬೇರೆ ಬೇರೆ.

ಪಪ್ಪಾಯದಲ್ಲಿ ಪಪೈನ್, ಅನಾನಸಿನಲ್ಲಿ ಬ್ರೊಮೆಲೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವಗಳಿವೆ. ಹಾಲಿನ ಪ್ರೋಟೀನನ್ನು ತುಂಡರಿಸುವುದೇ ಇವುಗಳ ಕೆಲಸ. ಆ ತುಂಡುಗಳಲ್ಲಿ ಹಲವು ಕಹಿ. ಹಣ್ಣು ಬಲಿತು ಕಳಿತಂತೆ ಪಪೈನ್ ಕಡಿಮೆಯಾಗುತ್ತದೆ, ಹಾಗಾಗಿ ದೋರೆಗಾಯಿ ಪಪ್ಪಾಯ ಖಂಡಿತ ಬೇಡ. ಬೀಜವೂ ಕಹಿಯೇ, ಒಂದೂ ಉಳಿಯದಂತೆ ಕೆರೆದು ತೆಗೆಯಿರಿ. ಮಾಡಿದ ತಕ್ಷಣ ಕುಡಿದುಬಿಡಿ. ಅನಾನಸಾದರೆ ಹೋಳುಗಳನ್ನು ಐದು ನಿಮಿಷ ಕುದಿಸಿ, ಆರಿಸಿ ಬಳಸಿ. ಬಿಸಿಗೆ ಕಿಣ್ವದ ಆಟ ನಿಲ್ಲುತ್ತದೆ. ಡಬ್ಬಿಯ ಅನಾನಸನ್ನು ಮೊದಲೇ ಕಾಯಿಸಿರುತ್ತಾರೆ, ಅದನ್ನು ನೇರವಾಗಿ ಹಾಕಬಹುದು.

ಸ್ಟ್ರಾಬೆರಿಯದ್ದು ಹುಳಿಯ ಕಾಟ. ಹುಳಿಯನ್ನು ಅಳೆಯುವ ಪಿಎಚ್ ಹಾಲಿನಲ್ಲಿ ಸುಮಾರು 6.7, ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ. ಅದು 4.6ರ ಹತ್ತಿರಕ್ಕೆ ಇಳಿದರೆ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಗಡ್ಡೆ ಕಟ್ಟುತ್ತದೆ. ತಣ್ಣನೆಯ ಹಾಲಿನಲ್ಲಿ ಇದು ನಿಧಾನ. ಆದ್ದರಿಂದ ಹಣ್ಣು, ಹಾಲು ಎರಡೂ ಚೆನ್ನಾಗಿ ತಣ್ಣಗಿರಲಿ, ಪೂರ್ತಿ ಕೆಂಪಾದ ಹಣ್ಣನ್ನೇ ಹಾಕಿ, ಬಾಳೆಹಣ್ಣಿನ ನಾಲ್ಕು ಬಿಲ್ಲೆ ಸೇರಿಸಿ. ಮಾವು ಹುಳಿಯಿದ್ದರೂ ಇದೇ ಉಪಾಯ. ಸಪೋಟಾಕ್ಕೆ ಈ ಯಾವ ತಾಪತ್ರಯವೂ ಇಲ್ಲ.

ಪ್ರಶ್ನೆ: ಬೆಳಿಗ್ಗೆ ಮಾಡಿ ಸಂಜೆ ಮಕ್ಕಳಿಗೆ ಕೊಡಬಹುದೇ?

ಉತ್ತರ: ಬೇಡ. ಫ್ರಿಜ್‌ನಲ್ಲಿಟ್ಟರೂ ಬಣ್ಣ ಕಂದಾಗಿ, ನೊರೆ ಇಳಿದು, ತಿರುಳು ಮತ್ತು ಹಾಲು ಬೇರೆಯಾಗುತ್ತವೆ. ಹೊರಗಂತೂ ಎರಡು ಗಂಟೆಗಿಂತ ಹೆಚ್ಚು ಇಡಲೇಬಾರದು. ಹೆಚ್ಚಿದ ಹಣ್ಣು ಫ್ರೀಜರ್‌ನಲ್ಲಿ ಸಿದ್ಧವಿದ್ದರೆ ಮಕ್ಕಳು ಬಂದ ಮೇಲೆ ಮಾಡಲು ಐದು ನಿಮಿಷವೂ ಬೇಡ.