ಓಲ್ಡ್-ಟೈಮ್ ಸಂಗೀತದ ಆನ್‌ಲೈನ್ ಕೂಟ ನಡೆಸುವುದು ಹೇಗೆ? ದೂರದೂರ ಕೂತವರು ಸೇರಿ ನುಡಿಸಲು ಆಗುತ್ತಾ?

ನಮಸ್ಕಾರ. ನಿಮ್ಮ ಓಲ್ಡ್-ಟೈಮ್ ಬಳಗದವರು ಎರಡು ದಿನದ ಆನ್‌ಲೈನ್ ಕೂಟ ಮಾಡೋಣ ಅಂದಿದ್ದಾರೆ. ಜಾಮ್ (ಎಲ್ಲರೂ ಸೇರಿ ನುಡಿಸುವುದು) ಬೇಕು, ವರ್ಕ್‌ಶಾಪೂ ಬೇಕು, ಹೊಣೆ ನಿಮ್ಮ ಹೆಗಲಿಗೆ ಬಂದಿದೆ. ಜೂಮ್‌ನಲ್ಲಿ ಒಮ್ಮೆ ಎಲ್ಲರೂ ಒಟ್ಟಿಗೆ ನುಡಿಸಲು ಹೋಗಿ ಬರೀ ಗದ್ದಲ ಆಯಿತು, ಇದನ್ನು ಹೇಗೆ ನಡೆಸುವುದು ಅಂತ ಕೇಳಿದ್ದೀರಿ. ನಾನು ಶಿವಮೊಗ್ಗ ಕಡೆಯವನು, ಹದಿನೈದು ವರ್ಷದಿಂದ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿದ್ದೇನೆ. ಬ್ಯಾಂಜೊ ಕಲಿತದ್ದು ಇಲ್ಲಿಗೆ ಬಂದ ಮೇಲೆ. ಕೋವಿಡ್ ಸಮಯದಲ್ಲಿ ಶುರುವಾದ ಇಂಥದ್ದೇ ಒಂದು ಕೂಟದ ಕೆಲಸವನ್ನು ನಾಲ್ಕು ವರ್ಷ ಮಾಡಿದ್ದೇನೆ. ಅದರಿಂದ ತಿಳಿದದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಓದುವ ಬೇರೆಯವರಿಗಾಗಿ ಒಂದು ಮಾತು. ಓಲ್ಡ್-ಟೈಮ್ ಅಂದರೆ ಅಪಲಾಚಿಯನ್ ಬೆಟ್ಟಗಳ ಕಡೆಯ ಹಳೇ ಕುಣಿತದ ಸಂಗೀತ. ಪಿಟೀಲು, ಐದು ತಂತಿಯ ಬ್ಯಾಂಜೊ, ಗಿಟಾರ್, ಕೆಲವೊಮ್ಮೆ ದೊಡ್ಡ ಬೇಸ್. ಇದಕ್ಕೆ ಹತ್ತಿರದ ಬ್ಲೂಗ್ರಾಸ್ ಅನ್ನುವ ಸಂಗೀತದಲ್ಲಿ ಒಬ್ಬೊಬ್ಬರು ಸರದಿಯಂತೆ ಮುಂದೆ ಬಂದು ಕೈಚಳಕ ತೋರಿಸುತ್ತಾರೆ. ಇಲ್ಲಿ ಹಾಗಿಲ್ಲ. ಎಲ್ಲರೂ ಒಂದೇ ಟ್ಯೂನನ್ನು ಒಟ್ಟಿಗೆ, ಸುತ್ತಿನ ಮೇಲೆ ಸುತ್ತು ನುಡಿಸುತ್ತಾರೆ. ಸಾಮಾನ್ಯವಾಗಿ ಎರಡು ಭಾಗ, ಒಂದೊಂದೂ ಎರಡೆರಡು ಸಲ. ಒಂದು ಸುತ್ತಿಗೆ ಸುಮಾರು ಅರ್ಧ ನಿಮಿಷ. ಹತ್ತು ಸುತ್ತೋ ಹದಿನೈದೋ ಆದ ಮೇಲೆ, ಶುರು ಮಾಡಿದವರು ಒಂದು ಕಾಲು ಎತ್ತುತ್ತಾರೆ. ಅದು ಕೊನೆಯ ಸುತ್ತು ಅಂತ ಸನ್ನೆ.

ಈಗ ನಿಮ್ಮ ಗದ್ದಲದ ವಿಷಯ. ಅದು ನಿಮ್ಮ ಬಳಗದವರ ತಾಳದ ತಪ್ಪಲ್ಲ. ಹತ್ತು ಅಡಿ ದೂರ ಕೂತವರ ಸದ್ದು ಕಿವಿಗೆ ಬರಲು ಸುಮಾರು 9 ಮಿಲಿಸೆಕೆಂಡ್ ಬೇಕು. 25, 30ರವರೆಗೂ ಹೇಗೋ ಸಂಭಾಳಿಸಬಹುದು. ಜೂಮ್‌ನಲ್ಲಿ ಈ ತಡ ಸುಲಭವಾಗಿ 150 ದಾಟುತ್ತದೆ. ಕುಣಿತದ ವೇಗ ನಿಮಿಷಕ್ಕೆ 120 ತಟ್ಟು ಅಂತಿಟ್ಟುಕೊಳ್ಳಿ. ಒಂದು ತಟ್ಟಿಗೆ ನಾಲ್ಕು ಸ್ವರ ಬಂದರೆ, ಒಂದೊಂದಕ್ಕೆ 125 ಮಿಲಿಸೆಕೆಂಡ್. ಅವರ ಪಿಟೀಲು ನಿಮಗೆ ಕೇಳುವ ಹೊತ್ತಿಗೆ ಅವರು ಮುಂದಿನ ಸ್ವರ ದಾಟಿರುತ್ತಾರೆ. ಅವರಿಗಾಗಿ ನೀವು ನಿಧಾನ ಮಾಡುತ್ತೀರಿ, ನಿಮಗಾಗಿ ಅವರು ನಿಧಾನ ಮಾಡುತ್ತಾರೆ. ಎರಡನೇ ಸುತ್ತಿಗೆ ಟ್ಯೂನ್ ಕೆಸರಿಗೆ ಸಿಕ್ಕ ಗಾಡಿಯಂತೆ ನಿಂತುಬಿಡುತ್ತದೆ. ಸಾಲದ್ದಕ್ಕೆ ಜೂಮ್ ಜೋರಾಗಿ ಕೇಳುವವರನ್ನು ಮುಂದಿಟ್ಟು ಉಳಿದವರನ್ನು ಅಡಗಿಸುತ್ತದೆ. ಹಾಗಾಗಿ ಎಲ್ಲರ ಮೈಕ್ ತೆರೆದು ಜಾಮ್ ಮಾಡುವ ಆಸೆಯನ್ನು ಇವತ್ತೇ ಬಿಟ್ಟುಬಿಡಿ.

ಎಲ್ಲ ಕಡೆ ನಡೆಯುವ ದಾರಿ ಒಂದೇ. ಒಬ್ಬರ ಮೈಕ್ ಮಾತ್ರ ತೆರೆದಿರುತ್ತದೆ, ಅವರು ನುಡಿಸುತ್ತಾರೆ. ಉಳಿದವರು ಮ್ಯೂಟ್ ಮಾಡಿಕೊಂಡು, ಅವರ ಸದ್ದು ಕೇಳುತ್ತಾ ತಮ್ಮ ಮನೆಯಲ್ಲಿ ಜೊತೆಗೆ ನುಡಿಸುತ್ತಾರೆ. ಕೇಳುವವರ ಕಡೆ ತಡದ ತೊಂದರೆಯೇ ಇರುವುದಿಲ್ಲ. ಅವರ ಕೋಣೆಯಲ್ಲಿ ಇಬ್ಬರು ಸೇರಿ ನುಡಿಸಿದಂತೆಯೇ ಇರುತ್ತದೆ.

ಇದರಲ್ಲಿ ಒಂದು ನೋವಿದೆ. ಅದನ್ನು ಸರಿ ಮಾಡುವುದೇ ಕೂಟ ನಡೆಸುವವರ ಮುಖ್ಯ ಕೆಲಸ ಅಂತ ನನ್ನ ನಂಬಿಕೆ. ಮೊದಲ ವರ್ಷ ನಾವು ಅರವತ್ತು ಜನರನ್ನು ಒಂದೇ ರೂಮಿನಲ್ಲಿ ಕೂರಿಸಿದೆವು. ಚೆನ್ನಾಗಿ ನುಡಿಸುವ ಮೂರು ಜನ ಸರದಿಯಲ್ಲಿ ನುಡಿಸಿದರು. ಎಲ್ಲ ಸುಸೂತ್ರವಾಗಿ ನಡೆಯಿತು ಅಂದುಕೊಂಡಿದ್ದೆ. ಮುಗಿದ ಮೇಲೆ ಒಬ್ಬ ಹೆಂಗಸು ಬರೆದರು: "ಎರಡು ದಿನ ನುಡಿಸಿದೆ. ನನ್ನ ಪಿಟೀಲು ಒಬ್ಬರಿಗೂ ಕೇಳಲಿಲ್ಲ." ಆ ಸಾಲು ಓದಿ ನನಗೆ ತುಂಬಾ ಬೇಜಾರಾಯಿತು. ಅವರು ದುಡ್ಡು ಕೊಟ್ಟು, ಎರಡು ದಿನ ಬಿಡುವು ಮಾಡಿಕೊಂಡು ಬಂದು ಗೋಡೆಯ ಮುಂದೆ ನುಡಿಸಿದಂತಾಗಿತ್ತು.

ಮರುವರ್ಷದಿಂದ ಒಂದೇ ನಿಯಮ ಇಟ್ಟುಕೊಂಡೆವು. ಬಂದ ಪ್ರತಿಯೊಬ್ಬರ ವಾದ್ಯ ದಿನಕ್ಕೆ ಒಂದು ಸಲವಾದರೂ ಇನ್ನೊಬ್ಬರ ಕಿವಿಗೆ ಬೀಳಬೇಕು. ಅದಕ್ಕೆ ದೊಡ್ಡ ರೂಮ್ ಬಿಟ್ಟು ಸಣ್ಣ ಬ್ರೇಕ್‌ಔಟ್ ರೂಮ್‌ಗಳನ್ನು ಮಾಡಿದೆವು. ಒಂದು ರೂಮಿಗೆ ಆರು ಜನ, ಜಾಸ್ತಿ ಬೇಡ. ಸುತ್ತಿನಲ್ಲಿ ಎಲ್ಲರಿಗೂ ಸರದಿ. ಒಬ್ಬರ ಟ್ಯೂನ್ ಐದು ನಿಮಿಷ, ಮಾತು ಮತ್ತು ಶ್ರುತಿ ಸರಿ ಮಾಡಿಕೊಳ್ಳುವುದು ಮೂರು ನಿಮಿಷ. ಆರು ಜನಕ್ಕೆ 48 ನಿಮಿಷ, ಒಂದು ಗಂಟೆಯೊಳಗೆ ಎಲ್ಲರೂ ನುಡಿಸಿರುತ್ತಾರೆ. ಹೊಸಬರು ಎರಡೇ ಟ್ಯೂನ್ ಬರುತ್ತದೆ ಅಂದರೂ ಪರವಾಗಿಲ್ಲ, ಅದೇ ನುಡಿಸಲಿ. ಕಾಲು ಎತ್ತಿದರೆ ಕ್ಯಾಮೆರಾಗೆ ಕಾಣುವುದಿಲ್ಲ, ಆದ್ದರಿಂದ ಕೊನೆಯ ಸುತ್ತಿಗೆ "ಇದೇ ಕೊನೇದು" ಅಂತ ಬಾಯಲ್ಲಿ ಹೇಳಬೇಕು ಅಂತ ಮೊದಲೇ ತಿಳಿಸಿ. ಟ್ಯೂನ್ ಮುಗಿದ ಕೂಡಲೇ ಎಲ್ಲರೂ ಮೈಕ್ ತೆರೆಯಲಿ. ಮೌನದಲ್ಲಿ ನುಡಿಸಿ ಮುಗಿಸಿದವರಿಗೆ ಆ ಕ್ಷಣದಲ್ಲಿ ನಾಲ್ಕು ಮಾತು ಬೇಕೇ ಬೇಕು.

ರೂಮ್‌ಗಳನ್ನು ಮಟ್ಟದ ಪ್ರಕಾರ ಹಂಚುವುದಕ್ಕಿಂತ ಕೀ, ಅಂದರೆ ಟ್ಯೂನಿನ ಆಧಾರ ಸ್ವರದ ಪ್ರಕಾರ ಹಂಚಿ. ಇದು ಬಯಲಿನ ಕೂಟಗಳಲ್ಲಿ ನಡೆದುಬಂದ ಕ್ರಮವೇ. ಎ ಕೀಗೆ ಬಂದರೆ ಪಿಟೀಲಿನವರು ಹಲವು ಸಲ ಕೆಳಗಿನ ಎರಡು ತಂತಿ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ, ಬ್ಯಾಂಜೊದವರು ಎರಡನೇ ಮೆಟ್ಟಿಲಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಐದನೇ ತಂತಿ ಏರಿಸುತ್ತಾರೆ. ಟ್ಯೂನಿಗೊಂದು ಸಲ ಕೀ ಬದಲಾದರೆ ಅರ್ಧ ಹೊತ್ತು ಬಿರಡೆ ತಿರುಗಿಸುವುದರಲ್ಲೇ ಕಳೆಯುತ್ತದೆ. ಒಂದು ಗಂಟೆ ಎ, ಒಂದು ಗಂಟೆ ಡಿ, ಒಂದು ಗಂಟೆ ಜಿ ಅಂತ ಪಟ್ಟಿ ಹಾಕಿಬಿಡಿ.

ಪಶ್ಚಿಮ ವರ್ಜೀನಿಯಾದ ಕ್ಲಿಫ್‌ಟಾಪ್‌ಗೆ, ಇಲ್ಲೇ ಹತ್ತಿರದ ಮೌಂಟ್ ಏರಿಗೆ, ವರ್ಜೀನಿಯಾದ ಗೇಲ್ಯಾಕ್ಸ್‌ಗೆ ಬಯಲಿನ ಕೂಟಕ್ಕೆಂದು ಹೋಗಿ ಡೇರೆ ಹಾಕಿದವರನ್ನು ಕೇಳಿ ನೋಡಿ. ಗೇಲ್ಯಾಕ್ಸ್ ಕೂಟ 1935ರಿಂದ ನಡೆಯುತ್ತಿದೆ. ವೇದಿಕೆಯ ಮೇಲೆ ಸ್ಪರ್ಧೆ ನಡೆಯುತ್ತದೆ ನಿಜ, ಆದರೆ ಜನ ನೆನಪಿಟ್ಟುಕೊಳ್ಳುವುದು ಡೇರೆಗಳ ನಡುವೆ ರಾತ್ರಿ ಎರಡು ಗಂಟೆಗೆ ಕೇಳಿದ ಪಿಟೀಲನ್ನು. 2020ರಲ್ಲಿ ಈ ಮೂರೂ ನಿಂತುಹೋದಾಗ ನಮಗೆ ತಪ್ಪಿಹೋದದ್ದೂ ಅದೇ ಡೇರೆ. ಆದ್ದರಿಂದ ಕಾರ್ಯಕ್ರಮ ರೂಪಿಸುವಾಗ ವೇದಿಕೆಯನ್ನು ನಕಲು ಮಾಡಬೇಡಿ, ಡೇರೆಯನ್ನು ಮಾಡಿ. ವರ್ಕ್‌ಶಾಪ್‌ಗಳ ನಡುವೆ ಒಂದೊಂದು ಗಂಟೆ ಖಾಲಿ ಬಿಡಿ. ಒಂದೆರಡು ರೂಮ್ ದಿನವಿಡೀ ತೆರೆದಿರಲಿ, ಯಾರು ಬೇಕಾದರೂ ಬಂದು ಕೂರಲಿ.

ಅಂಥ ಒಂದು ರೂಮಿನಲ್ಲಿ ನಡೆದದ್ದು ಹೇಳುತ್ತೇನೆ. ಬೆಟ್ಟದ ಕಡೆಯ ಒಬ್ಬ ಹಿರಿಯರಿಗೆ ಇಂಟರ್ನೆಟ್ ಸರಿಯಾಗಿ ಬರುತ್ತಿರಲಿಲ್ಲ. ಮನೆ ಫೋನಿನಿಂದ ಜೂಮ್ ನಂಬರಿಗೆ ಕರೆ ಮಾಡಿದರು. ಮುಖ ಇಲ್ಲ, ಪರದೆಯ ಮೇಲೆ ಬರೀ ಒಂದು ಕಪ್ಪು ಚೌಕ. ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದೇನೆ ಅಂದರು. ಹಿಂದೆ ಫ್ರಿಜ್ ಗುಂಯ್ ಅನ್ನುತ್ತಿತ್ತು. ಕುರ್ಚಿ ಎಳೆದ ಸದ್ದು, ಆಮೇಲೆ ಕಮಾನು ತಂತಿಗೆ ತಾಗಿದ ಸದ್ದು. ಫೋನಿನಲ್ಲಿ ಮಂದ್ರವೆಲ್ಲ ಹೋಗಿ ಪಿಟೀಲು ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ಆದರೆ ಅವರ ಕಾಲು ಮರದ ನೆಲಕ್ಕೆ ತಟ್ಟುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಆ ತಟ್ಟಿಗೇ ನಾವು ಐದು ಜನ, ಐದು ಊರಿನಲ್ಲಿ, ನುಡಿಸಿದೆವು. ನನ್ನ ಪುಟ್ಟ ಐದನೇ ತಂತಿ ತಂಬೂರಿಯ ಶ್ರುತಿಯಂತೆ ಒಂದೇ ಸ್ವರ ಹಿಡಿದು ನಿಂತಿತ್ತು. ಟ್ಯೂನ್ ಮುಗಿದಾಗ ಅವರು ಕೇಳಿದರು, "ಯಾರಾದರೂ ಇದ್ದೀರಾ?" ಐವರೂ ಮೈಕ್ ತೆರೆದು ಒಟ್ಟಿಗೆ ಇದ್ದೇವೆ ಅಂದೆವು. ಅವರು ಇನ್ನೊಂದು ಶುರು ಮಾಡಿದರು. ನಿಮ್ಮ ಆಹ್ವಾನದಲ್ಲಿ ಫೋನ್ ನಂಬರನ್ನು ದೊಡ್ಡದಾಗಿ ಹಾಕಿ. ತುಂಬಾ ಟ್ಯೂನ್ ಬಲ್ಲವರ ಮನೆಯಲ್ಲೇ ನೆಟ್‌ವರ್ಕ್ ಇಲ್ಲದಿರಬಹುದು.

ವರ್ಕ್‌ಶಾಪ್ ಮಾತ್ರ ಆನ್‌ಲೈನ್‌ನಲ್ಲಿ ನಿಜಕ್ಕೂ ಚೆನ್ನಾಗಿ ಆಗುತ್ತದೆ, ಕೆಲವು ವಿಷಯದಲ್ಲಿ ಬಯಲಿಗಿಂತಲೂ ಚೆನ್ನಾಗಿ. ನಮ್ಮ ಕಡೆ ಭಜನೆಯಲ್ಲಿ ಒಬ್ಬರು ಒಂದು ಸಾಲು ಹೇಳಿಕೊಟ್ಟು ಉಳಿದವರು ತಿರುಗಿ ಹೇಳುತ್ತಾರಲ್ಲ, ಅದೇ ಕ್ರಮ. ಗುರುಗಳು ಒಂದು ತುಣುಕು ನುಡಿಸುತ್ತಾರೆ, ನಿಲ್ಲಿಸುತ್ತಾರೆ, ಮ್ಯೂಟ್‌ನಲ್ಲಿರುವವರು ತಿರುಗಿ ನುಡಿಸುತ್ತಾರೆ. ತಪ್ಪಾದರೂ ಯಾರಿಗೂ ಕೇಳುವುದಿಲ್ಲ, ಹಾಗಾಗಿ ನಾಚಿಕೆ ಇರುವವರೂ ಧೈರ್ಯವಾಗಿ ಪ್ರಯತ್ನ ಮಾಡುತ್ತಾರೆ. ಗುರುಗಳ ಮೊಬೈಲನ್ನು ಎರಡನೇ ಕ್ಯಾಮೆರಾ ಮಾಡಿ ಬಲಗೈ ಮೇಲೆ ಇಡಿಸಿ. ಕ್ಲಾಹ್ಯಾಮರ್ (ಉಗುರಿನಿಂದ ಕೆಳಕ್ಕೆ ಬಡಿದು ಬ್ಯಾಂಜೊ ನುಡಿಸುವ ಕ್ರಮ) ಕಲಿಯುವವರಿಗೆ ಉಗುರು ತಂತಿಗೆ ಬೀಳುವುದು, ಹೆಬ್ಬೆರಳು ಐದನೇ ತಂತಿಯ ಮೇಲೆ ಕೂತು ಹೊರಡುವುದು ಇಷ್ಟು ಹತ್ತಿರದಿಂದ ಡೇರೆಯಲ್ಲಿ ಕಾಣುವುದಿಲ್ಲ. ಒಂದು ತರಗತಿಗೆ ಹನ್ನೆರಡು ಜನ ಸಾಕು. ಕೊನೆಯ ಹದಿನೈದು ನಿಮಿಷ ಇಷ್ಟವಿದ್ದವರು ಒಬ್ಬೊಬ್ಬರಾಗಿ ನುಡಿಸಲಿ. ಟ್ಯೂನಿನ ಧ್ವನಿಮುದ್ರಣವನ್ನು ಒಂದು ವಾರ ಮೊದಲೇ ಕಳಿಸಿ. ಶ್ರುತಿ ಏನು ಅಂತಲೂ ಬರೆಯಿರಿ. ಇಲ್ಲವಾದರೆ ಮೊದಲ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ.

ಸದ್ದಿನ ಸೆಟ್ಟಿಂಗ್ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಆದರೆ ಕೂಟ ಕೆಡುವುದು ಇಲ್ಲೇ. ಜೂಮ್ ಮಾಡಿರುವುದು ಮಾತಿಗಾಗಿ. ಪಿಟೀಲಿನ ಉದ್ದ ಸ್ವರವನ್ನು ಅದು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ. ಬ್ಯಾಂಜೊ ಚಿಟಿಕೆಯ ಸದ್ದು, ಹೇಗೋ ಬದುಕುತ್ತದೆ. ಪಿಟೀಲು ಬಂದು ಹೋಗಿ, ಬಂದು ಹೋಗಿ ಮಾಡುತ್ತದೆ. 'ಒರಿಜಿನಲ್ ಸೌಂಡ್' ಅನ್ನುವ ಆಯ್ಕೆಯನ್ನು ಆನ್ ಮಾಡಿಸಿ, ಹೆಡ್‌ಫೋನ್ ಹಾಕಿಸಿ, ಆಮೇಲೆ ಎಕೋ ತಡೆಯುವುದನ್ನು ಆಫ್ ಮಾಡಿಸಿ. ಕಲಿಸುವವರು ಮತ್ತು ರೂಮ್ ನಡೆಸುವವರ ಜೊತೆ ಎರಡು ದಿನ ಮೊದಲು ಹತ್ತತ್ತು ನಿಮಿಷ ಕೂತು ಇದನ್ನು ಪರೀಕ್ಷೆ ಮಾಡಿ. ನಾನು ಇದನ್ನು ಒಂದು ವರ್ಷ ಬಿಟ್ಟೆ, ಒಳ್ಳೇ ಪಿಟೀಲಿನವರೊಬ್ಬರ ಇಡೀ ತರಗತಿ ಹಾಳಾಯಿತು.

ತಡ ಕಡಿಮೆ ಮಾಡುವ ಜ್ಯಾಕ್‌ಟ್ರಿಪ್, ಜಾಮ್ಯುಲಸ್, ಸೋನೋಬಸ್ ಅನ್ನುವ ಸಾಫ್ಟ್‌ವೇರ್ ಇವೆಯಲ್ಲ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹೌದು, ಅವುಗಳಲ್ಲಿ ನಿಜವಾಗಿ ಜೊತೆಗೆ ನುಡಿಸಬಹುದು. ವೈಫೈ ಬಿಟ್ಟು ಕೇಬಲ್ ಹಾಕಬೇಕು, ಒಳ್ಳೇ ಆಡಿಯೊ ಇಂಟರ್‌ಫೇಸ್ ಬೇಕು, ಊರುಗಳು ಹತ್ತಿರ ಇರಬೇಕು. ಫೈಬರ್‌ನಲ್ಲಿ ಬೆಳಕಿಗೂ ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡ್ ಬೇಕು. ಬೆಂಗಳೂರಿನಿಂದ ಇಲ್ಲಿಗೆ ನೇರ ಗೆರೆ ಎಳೆದರೂ 70 ದಾಟುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ಕಡಿಮೆ ಮಾಡಲಾರದು. ಒಂದೇ ಊರಿನ ಮೂರು ಜನಕ್ಕೆ ಇದು ಸರಿ. ಎಂಬತ್ತು ಜನರ ಕೂಟದಲ್ಲಿ ಇದನ್ನು ಹಾಕಿದರೆ ಎರಡು ದಿನವೂ ಕಂಪ್ಯೂಟರ್ ರಿಪೇರಿಯೇ.

ದಿನಾಂಕ ಮಾರ್ಚ್‌ನಲ್ಲಿ ಇಡುವುದಾದರೆ ಗಡಿಯಾರ ನೋಡಿಕೊಳ್ಳಿ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಇಂಗ್ಲೆಂಡಿನಲ್ಲಿ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ನಮಗೂ ಅವರಿಗೂ ಇರುವ ಅಂತರ ಐದಲ್ಲ, ನಾಲ್ಕು ಗಂಟೆ. ನಾನು ಐದು ಅಂತಲೇ ಲೆಕ್ಕ ಹಾಕಿ ಪಟ್ಟಿ ಕಳಿಸಿದ್ದೆ. ಇಂಗ್ಲೆಂಡಿನ ಏಳು ಜನ ಒಂದು ಗಂಟೆ ತಡವಾಗಿ ಬಂದರು, ತರಗತಿ ಆಗಲೇ ಮುಗಿಯುತ್ತಿತ್ತು. ಗುರುಗಳು ದೊಡ್ಡ ಮನಸ್ಸು ಮಾಡಿ ಅವರಿಗಾಗಿ ಮತ್ತೊಮ್ಮೆ ಕಲಿಸಿದರು.

ಲಿಂಕನ್ನು ಎಲ್ಲರಿಗೂ ಕಾಣುವಂತೆ ಎಲ್ಲೂ ಹಾಕಬೇಡಿ, ಹೆಸರು ಬರೆಸಿದವರಿಗೆ ಮಾತ್ರ ಕಳಿಸಿ. ಬಾಗಿಲಲ್ಲಿ ಒಬ್ಬರು ಇರಲಿ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ, ಒಂದು ತಿಂಗಳ ಮಟ್ಟಿಗೆ ದುಡ್ಡು ಕಟ್ಟಿ. ಬಂದವರಿಂದ ಕೈಲಾದಷ್ಟು ತೆಗೆದುಕೊಳ್ಳಿ, ಆದರೆ ಕಲಿಸುವವರಿಗೆ ಇಷ್ಟು ಅಂತ ಮೊದಲೇ ಮಾತಾಡಿ, ಎಲ್ಲರಿಗೂ ಸಮನಾಗಿ ಕೊಡಿ. "ಸುಮ್ನೆ ಬಂದು ಕಲಿಸಿ, ನಿಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾಗುತ್ತದೆ" ಅಂತ ದಯವಿಟ್ಟು ಯಾರಿಗೂ ಹೇಳಬೇಡಿ.

ಇನ್ನೊಂದು ಕೋರಿಕೆ. ಒಂದು ಗಂಟೆಯನ್ನಾದರೂ ಟ್ಯೂನ್ ಎಲ್ಲಿಂದ ಬಂತು ಅನ್ನುವುದಕ್ಕೆ ಇಡಿ. ಬ್ಯಾಂಜೊದ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ. ಗುಲಾಮರಾಗಿ ಬಂದವರು ಆ ನೆನಪನ್ನು ಹೊತ್ತು ತಂದರು. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೋಂಟಿಂಗ್ ನುಡಿಸುವ ಕೈ ನೋಡಿದರೆ ಕ್ಲಾಹ್ಯಾಮರ್ ಕೈ ನೆನಪಾಗುತ್ತದೆ. ನಾನಿರುವ ಜಾಗದಿಂದ ಸ್ವಲ್ಪ ದೂರದ ಮೆಬನ್‌ನಲ್ಲಿ ಜೋ ಥಾಂಪ್ಸನ್ ಅನ್ನುವ ಕಪ್ಪು ಪಿಟೀಲುಗಾರರಿದ್ದರು, 2012ರಲ್ಲಿ ತೀರಿಕೊಂಡರು. ಕ್ಯಾರೊಲಿನಾ ಚಾಕೊಲೇಟ್ ಡ್ರಾಪ್ಸ್ ತಂಡದ ಹುಡುಗ ಹುಡುಗಿಯರು ಅವರ ಮನೆಗೆ ಹೋಗಿ ಕೂತು ಕಲಿತರು. ವರ್ಜೀನಿಯಾದ ಹೆನ್ರಿ ರೀಡ್ ಅವರ ಪಿಟೀಲನ್ನು 1966, 67ರಲ್ಲಿ ಜಾನಪದ ವಿದ್ವಾಂಸ ಅಲನ್ ಜಬ್ಬೂರ್ ಟೇಪ್ ಮಾಡಿದ್ದರು, ಅದು ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪರದೆ ಹಂಚಿಕೊಂಡು ಆ ಟೇಪ್ ಹಾಕಿ. ಮೊದಲ ಸಲ ಎಲ್ಲರೂ ವಾದ್ಯ ಕೆಳಗಿಟ್ಟು ಕೇಳಲಿ, ಎರಡನೇ ಸಲ ಕೈಗೆತ್ತಿಕೊಳ್ಳಲಿ. ಬಯಲಿನ ಗದ್ದಲದಲ್ಲಿ ಹೀಗೆ ಕೂತು ಕೇಳಲು ಆಗುವುದೇ ಇಲ್ಲ, ಅಲ್ವಾ?

ನಿಮ್ಮ ಕೂಟದ ದಿನ ಗೊತ್ತಾದ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ರೂಮ್ ನಡೆಸಲು ಜನ ಕಡಿಮೆ ಬಿದ್ದರೆ ರಾತ್ರಿಯ ಎ ಕೀ ರೂಮ್ ನನಗೆ ಕೊಡಿ, ಕೊನೆಯವರು ಹೋಗುವವರೆಗೂ ಕೂತಿರುತ್ತೇನೆ.